ಇಂಗ್ಲಿಷಿನ ‘ಗೋ’: ಎಲ್ಲಿ ಹೋಗುತ್ತೆ, ಎಲ್ಲಿ ಹೋಗಲ್ಲ?

ಪ್ರಶ್ನೆ: ಕೆಲಸದ ಕಡೆ ದಿನವೂ ಇಂಗ್ಲಿಷ್ ಮಾತಾಡಬೇಕು. ‘ಗೋ’ ಅಂದರೆ ‘ಹೋಗು’ ಅಂತ ಚಿಕ್ಕಂದಿನಲ್ಲೇ ಕಲಿತಿದ್ದೇನೆ. ಆದರೂ ಅದೇ ಪದದಲ್ಲಿ ಜಾಸ್ತಿ ಎಡವುತ್ತೇನೆ. ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ದಿ ಬ್ಯಾಂಕ್’ ಅಂದರೆ ತಪ್ಪು ಅನ್ನುತ್ತಾರೆ. ‘ಬಾಸ್ ಎಲ್ಲಿ?’ ಅಂತ ಕೇಳಿದವರಿಗೆ ‘ಹೀ ಹ್ಯಾಸ್ ಬೀನ್ ಟು ದಿ ಬ್ಯಾಂಕ್’ ಅಂದೆ, ಅದೂ ತಪ್ಪಂತೆ. ‘ಗೋ ಟು ಹೋಮ್’ ಅನ್ನಬಾರದಂತೆ, ‘ಗೋ ಟು ಸ್ಕೂಲ್’ ಅನ್ನಬಹುದಂತೆ. ಹಾಲು ಕೆಟ್ಟರೂ ‘ಗೋ’, ಅಲಾರಂ ಹೊಡೆದರೂ ‘ಗೋ’. ಇದಕ್ಕೆಲ್ಲ ಏನಾದರೂ ಲೆಕ್ಕ ಇದೆಯಾ? ಸುಮ್ನೆ ಬಾಯಿಪಾಠ ಮಾಡಬೇಕಾ?

ಉತ್ತರ: ಲೆಕ್ಕ ಇದೆ. ಎಲ್ಲದಕ್ಕೂ ಇಲ್ಲ, ಆದರೆ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದೆ. ಬಾಯಿಪಾಠ ಮಾಡಬೇಕಾದದ್ದನ್ನು ಅದು ಬಂದ ಕಡೆಯೇ ಹೇಳುತ್ತೇನೆ.

ನಡೆ, ಓಡು, ಈಜು, ಹಾರು, ಇವೆಲ್ಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಸರಿದೆವು ಅನ್ನುವುದನ್ನು ಹೇಳುವ ಪದಗಳು. ‘ಗೋ’ಗೆ ಆ ಗೊಡವೆಯೇ ಇಲ್ಲ. ಕಾಲ್ನಡಿಗೆಯಲ್ಲಿ ಹೋಗಿ, ವಿಮಾನದಲ್ಲಿ ಹೋಗಿ, ಅದಕ್ಕೆ ಎರಡೂ ಒಂದೇ. ಮಾತಾಡುವವರು ಯಾವ ಜಾಗದಲ್ಲಿ ನಿಂತು ನೋಡುತ್ತಿದ್ದಾರೋ ಅಲ್ಲಿಂದ ಏನೋ ಆಚೆಗೆ ಸರಿಯಿತು ಅನ್ನುವುದಷ್ಟೇ ಅದರ ಕೆಲಸ. ‘ಕಮ್’ ಅದರ ಜೋಡಿ. ಅದೇ ಜಾಗದ ಕಡೆಗೆ ಏನಾದರೂ ಸರಿದರೆ ಅದು ‘ಕಮ್’. ಅಮೆರಿಕದ ಭಾಷಾವಿಜ್ಞಾನಿ ಚಾರ್ಲ್ಸ್ ಫಿಲ್‌ಮೋರ್ 1971ರಲ್ಲಿ ಸಾಂತಾ ಕ್ರೂಜ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಒಂದನ್ನು ಇಡಿಯಾಗಿ ಈ ಎರಡು ಪದಗಳಿಗೇ ಮೀಸಲಿಟ್ಟಿದ್ದರು. ಅಷ್ಟು ಸರಳ ಪದಗಳಿಗೆ ಒಂದಿಡೀ ಉಪನ್ಯಾಸವಾ ಅನಿಸಬಹುದು. ಆದರೆ ‘ಆ ಜಾಗ’ ಯಾವುದು ಅಂತ ಹುಡುಕಲು ಹೊರಟರೆ ಗೊತ್ತಾಗುತ್ತದೆ.

ಮನೆಯಲ್ಲಿ ಕೂತು ಒಬ್ಬರು ‘ಕಮ್ ಟು ದಿ ಆಫೀಸ್ ಟುಮಾರೊ’ ಅನ್ನುತ್ತಾರೆ ಅಂದುಕೊಳ್ಳಿ. ಹೇಳುವಾಗ ಅವರು ಆಫೀಸಿನಲ್ಲಿ ಇಲ್ಲ. ಆದರೆ ನಾಳೆ ಅಲ್ಲಿರುತ್ತಾರೆ, ಅದು ಆ ಮಾತಿನಲ್ಲೇ ಇದೆ. ‘ಗೋ ಟು ದಿ ಆಫೀಸ್ ಟುಮಾರೊ’ ಅಂದಿದ್ದರೆ ಅವರು ಅಲ್ಲಿ ಇರಲ್ಲ. ಕನ್ನಡದಲ್ಲೂ ಹೀಗೇ ಅಲ್ವಾ? ‘ನಾಳೆ ಆಫೀಸಿಗೆ ಬಾ’ ಅಂದರೆ ನಾನೂ ಇರ್ತೀನಿ, ‘ಹೋಗು’ ಅಂದರೆ ನಾನು ಇರಲ್ಲ. ಕೇಳುಗರು ಇರುವ ಜಾಗಕ್ಕೂ ‘ಕಮ್’ ಬಳಸಬಹುದು. ಫೋನಿನಲ್ಲಿ ‘ಸಂಜೆ ನಿಮ್ಮ ಮನೆಗೆ ಬರ್ತೀನಿ’ ಅನ್ನುತ್ತೇವಲ್ಲ, ಅದೇ ‘ಐ ವಿಲ್ ಕಮ್ ಟು ಯುವರ್ ಪ್ಲೇಸ್ ದಿಸ್ ಈವ್ನಿಂಗ್’. ಇಲ್ಲಿ ‘ಗೋ’ ಹಾಕಿದರೆ ಕೇಳುಗರು ಆ ಮನೆಯಲ್ಲಿ ಇರುವುದಿಲ್ಲವೇನೋ ಅನ್ನುವ ಹಾಗೆ ಕೇಳಿಸುತ್ತದೆ. ಈ ವಿಷಯದಲ್ಲಿ ಕನ್ನಡದವರು ಪುಣ್ಯವಂತರು. ಸ್ಪ್ಯಾನಿಷ್ ಮಾತಾಡುವವರು ಯಾರಾದರೂ ಕರೆದರೆ ತಮ್ಮ ಭಾಷೆಯಲ್ಲಿ ‘ಹೋಗ್ತಾ ಇದ್ದೀನಿ’ ಅನ್ನುವ ಅರ್ಥದ ಪದವನ್ನೇ ಹೇಳುತ್ತಾರೆ. ಅವರು ಇಂಗ್ಲಿಷಿಗೆ ಬಂದಾಗ ಇದನ್ನು ಹೊಸದಾಗಿ ಕಲಿಯಬೇಕು. ನಿಮಗೆ ‘ಬರು’ ಅನಿಸಿದ ಕಡೆ ‘ಕಮ್’, ‘ಹೋಗು’ ಅನಿಸಿದ ಕಡೆ ‘ಗೋ’ ಹಾಕಿದರೆ ಸಾಕು, ಜಾಗದಿಂದ ಜಾಗಕ್ಕೆ ಸರಿಯುವ ಮಾತಿನಲ್ಲಿ ಹೆಚ್ಚು ಕಡಿಮೆ ಸರಿಯಾಗೇ ಇರುತ್ತದೆ.

ಕರೆದಾಗ ಓಗೊಡುವುದರಲ್ಲಿ ಮಾತ್ರ ಹುಷಾರು. ನಾವು ‘ಬಂದೆ, ಬಂದೆ’ ಅನ್ನುತ್ತೇವೆ. ಇನ್ನೂ ಕುರ್ಚಿಯಿಂದ ಎದ್ದೇ ಇರುವುದಿಲ್ಲ, ಆಗಲೇ ಭೂತಕಾಲ! ‘ಹತ್ತು ನಿಮಿಷದಲ್ಲಿ ಬಂದೆ’ ಅನ್ನುವುದೂ ಹಾಗೇ. ಇದನ್ನು ‘ಐ ಕೇಮ್ ಇನ್ ಟೆನ್ ಮಿನಿಟ್ಸ್’ ಅಂತ ಮಾಡಿದರೆ, ಆಗಲೇ ಬಂದು ತಲುಪಿದ್ದೇನೆ, ದಾರಿಗೆ ಹತ್ತು ನಿಮಿಷ ಹಿಡಿಯಿತು ಅಂತ ಅರ್ಥ. ಇಂಗ್ಲಿಷಿನಲ್ಲಿ ‘ಕಮಿಂಗ್!’ ಅನ್ನಬೇಕು, ಅಥವಾ ‘ಐ ವಿಲ್ ಬಿ ದೇರ್ ಇನ್ ಟೆನ್ ಮಿನಿಟ್ಸ್’. ಹೊರಡುವಾಗ ಹೇಳುವ ‘ಹೋಗಿ ಬರ್ತೀನಿ’ಗೂ ಅಲ್ಲಿ ನೇರ ಜೋಡಿ ಇಲ್ಲ. ‘ಐ ವಿಲ್ ಗೋ ಅಂಡ್ ಕಮ್’ ಅಂದರೆ ವ್ಯಾಕರಣ ಸರಿಯಿದ್ದರೂ ಕೇಳಿದವರಿಗೆ ವಿಚಿತ್ರ ಅನಿಸುತ್ತದೆ. ಬೇಗ ವಾಪಸ್ ಬರುವುದಿದ್ದರೆ ‘ಐ ವಿಲ್ ಬಿ ಬ್ಯಾಕ್’ ಅನ್ನಿ. ಬರೀ ಹೊರಡುವುದಾದರೆ ‘ಐ ಆಮ್ ಆಫ್’ ಅಂದರೆ ಸಾಕು.

ಈಗ ನಿಮ್ಮ ‘ಹ್ಯಾಡ್ ಗಾನ್’. ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟವಾದ ಪ್ರಶ್ನೆ ಇದು. ಯಾಕೆಂದರೆ ಈ ತಪ್ಪು ಇಂಗ್ಲಿಷ್ ಬರದೆ ಆಗುವುದಲ್ಲ, ಕನ್ನಡ ಚೆನ್ನಾಗಿ ಬಂದು ಆಗುವುದು.

ನಾವು ‘ನಿನ್ನೆ ಬ್ಯಾಂಕಿಗೆ ಹೋಗಿದ್ದೆ’ ಅನ್ನುತ್ತೇವೆ. ‘ನಿನ್ನೆ ಬ್ಯಾಂಕಿಗೆ ಹೋದೆ’ ಅನ್ನುವುದು ತಪ್ಪಲ್ಲ, ಆದರೆ ಅದು ಕಥೆಯ ನಡುವೆ ಬರುವ ಮಾತು: ಹೋದೆ, ಕ್ಯೂ ನೋಡಿದೆ, ವಾಪಸ್ ಬಂದೆ. ಸುಮ್ಮನೆ ಸುದ್ದಿ ತೆಗೆಯುವಾಗ ‘ಹೋಗಿದ್ದೆ’ಯೇ ಬಾಯಿಗೆ ಬರುತ್ತದೆ. ಹೋದದ್ದೂ ಆಯಿತು, ಬಂದದ್ದೂ ಆಯಿತು, ಈಗ ಅಲ್ಲಿ ಏನಾಯಿತು ಹೇಳ್ತೀನಿ ಕೇಳಿ ಅನ್ನುವ ಪೀಠಿಕೆ ಅದರಲ್ಲೇ ಇದೆ. ಶಾಲೆಯಲ್ಲಿ ಏನು ಹೇಳಿಕೊಟ್ಟರು? ‘ಹೋದೆ’ ಅಂದರೆ ‘ವೆಂಟ್’, ‘ಹೋಗಿದ್ದೇನೆ’ ಅಂದರೆ ‘ಹ್ಯಾವ್ ಗಾನ್’, ‘ಹೋಗಿದ್ದೆ’ ಅಂದರೆ ‘ಹ್ಯಾಡ್ ಗಾನ್’. ಕೋಷ್ಟಕ ನೋಡಲು ಚೆಂದ. ಬಳಕೆಯಲ್ಲಿ ಮೂರನೆಯ ಸಾಲು ಕೈ ಕೊಡುತ್ತದೆ.

ಇಂಗ್ಲಿಷಿನ ‘ಹ್ಯಾಡ್ ಗಾನ್’ ಒಂಟಿಯಾಗಿ ನಿಲ್ಲುವುದಿಲ್ಲ. ಅದಕ್ಕೆ ಹಿಂದೆ ನಡೆದ ಇನ್ನೊಂದು ಘಟನೆ ಬೇಕು, ಅದಕ್ಕಿಂತಲೂ ಮುಂಚೆ ಇದು ನಡೆಯಿತು ಅಂತ ಹೇಳಲು. ‘ವೆನ್ ಯು ಕಾಲ್ಡ್, ಐ ಹ್ಯಾಡ್ ಗಾನ್ ಟು ದಿ ಬ್ಯಾಂಕ್.’ ನೀವು ಫೋನ್ ಮಾಡಿದ್ದು ಒಂದು ಘಟನೆ. ಅಷ್ಟರಲ್ಲಿ ನಾನು ಹೊರಟುಹೋಗಿದ್ದೆ. ಇದು ಸರಿ. ಆದರೆ ‘ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ದಿ ಬ್ಯಾಂಕ್’ ಅಂತ ನಿಲ್ಲಿಸಿದರೆ ಕೇಳುವವರು ‘ಸರಿ, ಯಾವುದಕ್ಕಿಂತ ಮುಂಚೆ?’ ಅಂತ ಕಾಯುತ್ತಾ ಕೂರುತ್ತಾರೆ. ಹಾಗಾಗಿ ನಿನ್ನೆ, ಮೊನ್ನೆ, ಹೋದ ವಾರ ಅಂತ ಸಮಯ ಹೇಳಿದ ಮೇಲೆ ಕಣ್ಣು ಮುಚ್ಚಿ ‘ವೆಂಟ್’ ಹಾಕಿ. ‘ಯೆಸ್ಟರ್‌ಡೇ ಐ ವೆಂಟ್ ಟು ದಿ ಬ್ಯಾಂಕ್.’ ವಾಪಸ್ ಬಂದಿದ್ದೀರಿ ಅಂತ ಬೇರೆ ಹೇಳಬೇಕಿಲ್ಲ. ಎದುರಿಗೇ ನಿಂತು ಮಾತಾಡುತ್ತಿದ್ದೀರಲ್ಲ!

‘ದಿನಾ ಜಿಮ್‌ಗೆ ಹೋಗ್ತಾ ಇದ್ದೀನಿ’ ಅನ್ನುವುದನ್ನು ‘ಐ ಆಮ್ ಗೋಯಿಂಗ್ ಟು ಜಿಮ್ ಡೈಲಿ’ ಅಂತ ಮಾಡುವುದೂ ಇದೇ ಜಾತಿಯ ತಪ್ಪು. ರೂಢಿಯ ಮಾತಿಗೆ ‘ಐ ಗೋ ಟು ದಿ ಜಿಮ್ ಎವ್ರಿ ಡೇ’ ಅಂದರೆ ಮುಗಿಯಿತು.

ಇನ್ನು ‘ಗಾನ್’ ಮತ್ತು ‘ಬೀನ್’. ಬಾಸ್ ಎಲ್ಲಿ ಅಂತ ಕೇಳಿದವರಿಗೆ ‘ಹೀ ಹ್ಯಾಸ್ ಗಾನ್ ಟು ದಿ ಬ್ಯಾಂಕ್’ ಅಂದರೆ ಹೋದವರು ಇನ್ನೂ ಬಂದಿಲ್ಲ. ‘ಹೀ ಹ್ಯಾಸ್ ಬೀನ್ ಟು ದಿ ಬ್ಯಾಂಕ್’ ಅಂದರೆ ಹೋಗಿ ಬಂದಿದ್ದಾರೆ, ಆ ಕೆಲಸ ಮುಗಿದಿದೆ. ನೀವು ಎರಡನೆಯದನ್ನು ಹೇಳಿದಿರಿ. ಕೇಳಿದವರು ‘ಹಾಗಾದರೆ ಒಳಗಿದ್ದಾರಾ?’ ಅಂತ ಕ್ಯಾಬಿನ್ ಕಡೆ ನೋಡಿರಬೇಕು. ಕನ್ನಡದ ‘ಹೋಗಿದ್ದಾರೆ’ ಎರಡೂ ಕಡೆ ಸಲ್ಲುತ್ತದೆ. ‘ಅವರು ಬ್ಯಾಂಕಿಗೆ ಹೋಗಿದ್ದಾರೆ, ಕೂತ್ಕೊಳ್ಳಿ’ ಅಂದಾಗ ಆಸಾಮಿ ಹೊರಗಿದ್ದಾರೆ. ‘ಅವರು ಎಷ್ಟೋ ಸಲ ಪ್ಯಾರಿಸ್‌ಗೆ ಹೋಗಿದ್ದಾರೆ’ ಅಂದಾಗ ಇಲ್ಲೇ ಇದ್ದಾರೆ. ಇಂಗ್ಲಿಷ್ ಮೊದಲನೆಯದಕ್ಕೆ ‘ಗಾನ್’ ಅನ್ನುತ್ತದೆ, ಎರಡನೆಯದಕ್ಕೆ ‘ಬೀನ್’. ಅನುಮಾನ ಬಂದರೆ ಕನ್ನಡದಲ್ಲಿ ‘ಹೋಗಿ ಬಂದಿದ್ದಾರೆ’ ಅಂತ ಹೇಳಿ ನೋಡಿ. ಅರ್ಥ ಕೆಡದಿದ್ದರೆ ‘ಬೀನ್’.

ಇದರಿಂದ ಒಂದು ತಮಾಷೆ ಹುಟ್ಟುತ್ತದೆ. ‘ಐ ಹ್ಯಾವ್ ಗಾನ್ ಟು ಪ್ಯಾರಿಸ್’ ಅಂತ ಎದುರಿಗೆ ನಿಂತು ಹೇಳುವುದಕ್ಕೆ ಆಗುವುದಿಲ್ಲ, ಹೇಳುತ್ತಿರುವವರೇ ಇಲ್ಲಿ ಇಲ್ಲ ಅಂತಾಗುತ್ತದೆ. ಮೇಜಿನ ಮೇಲೆ ಚೀಟಿ ಬರೆದಿಟ್ಟು ಹೋಗಬಹುದು ಅಷ್ಟೇ. ‘ಗಾನ್ ಟು ಲಂಚ್’ ಅಂತ ಬಾಗಿಲಿಗೆ ಬೋರ್ಡ್ ನೇತುಹಾಕುವುದು ಅದಕ್ಕೇ. ‘ನೀವು ಪ್ಯಾರಿಸ್‌ಗೆ ಹೋಗಿದ್ದೀರಾ?’ ಅಂತ ಕೇಳಬೇಕಾದರೆ ‘ಹ್ಯಾವ್ ಯು ಎವರ್ ಬೀನ್ ಟು ಪ್ಯಾರಿಸ್?’. ಈ ‘ಬೀನ್ ಟು’ ಬೇರೆ ಕಾಲಕ್ಕೆ ಹೋಗುವುದಿಲ್ಲ ಅನ್ನುವುದನ್ನೂ ಗಮನಿಸಿ. ‘ಐ ವಾಸ್ ಟು ಪ್ಯಾರಿಸ್’ ಅನ್ನುವ ಮಾತೇ ಇಲ್ಲ, ‘ಐ ವೆಂಟ್ ಟು ಪ್ಯಾರಿಸ್’ ಅಥವಾ ‘ಐ ವಾಸ್ ಇನ್ ಪ್ಯಾರಿಸ್’ ಅನ್ನಬೇಕು. ಎರಡನ್ನೂ ಒಟ್ಟಿಗೆ ಹಾಕಿದ್ದು ಕೇಳಿದರೆ ಗಾಬರಿಯಾಗಬೇಡಿ. ‘ಹೀ ಹ್ಯಾಸ್ ಬೀನ್ ಗಾನ್ ಫಾರ್ ಟು ಅವರ್ಸ್’ ಅಂದರೆ ಹೋಗಿ ಎರಡು ಗಂಟೆಯಾಯಿತು, ಇನ್ನೂ ಪತ್ತೆಯಿಲ್ಲ.

‘ಗೋ’ದ ಭೂತಕಾಲ ‘ವೆಂಟ್’ ಹೇಗಾಯಿತು ಅಂತ ನೀವು ಕೇಳಿಲ್ಲ. ಆದರೂ ಹೇಳದೆ ಇರಲಾರೆ. ‘ವೆಂಟ್’ ಅದರ ಸ್ವಂತ ರೂಪ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ವೆಂಡ್’ ಅಂತ ಬೇರೆಯೇ ಒಂದು ಕ್ರಿಯಾಪದ ಇತ್ತು, ತಿರುಗು, ಸಾಗು ಅನ್ನುವ ಅರ್ಥದ್ದು. ‘ಸೆಂಡ್’ಗೆ ‘ಸೆಂಟ್’ ಆದ ಹಾಗೆ ‘ವೆಂಡ್’ಗೆ ‘ವೆಂಟ್’. ‘ಗೋ’ಗೆ ಆಗ ಬೇರೆಯೇ ಭೂತಕಾಲದ ರೂಪ ಇತ್ತು. ಮಧ್ಯಕಾಲದ ಇಂಗ್ಲಿಷಿನಲ್ಲಿ ಅದು ಮೂಲೆಗೆ ಸೇರಿ, ‘ವೆಂಟ್’ ಬಂದು ಆ ಜಾಗದಲ್ಲಿ ಕೂತಿತು. ‘ವೆಂಡ್’ ಈಗ ‘ವೆಂಡ್ ಒನ್ಸ್ ವೇ’ ಅನ್ನುವ ಒಂದು ನುಡಿಗಟ್ಟಿನಲ್ಲಿ ಮಾತ್ರ ಉಸಿರಾಡುತ್ತಿದೆ. ಇಂಗ್ಲಿಷ್ ಮನೆಮಾತಿನ ಮಕ್ಕಳೂ ಮೊದಮೊದಲು ‘ಗೋಡ್’ ಅನ್ನುತ್ತವೆ. ತರ್ಕ ನೋಡಿದರೆ ಮಕ್ಕಳದ್ದೇ ಸರಿ.

‘ಗೋ’ ಆದ ಮೇಲೆ ಏನು ಬರಬೇಕು ಅನ್ನುವುದು ಮುಂದಿನ ತಲೆನೋವು. ಕನ್ನಡದಲ್ಲಿ ‘ಗೆ’, ‘ಕ್ಕೆ’ ಹಚ್ಚಿದರೆ ಮುಗಿಯಿತು: ಮನೆಗೆ, ಶಾಲೆಗೆ, ಅಲ್ಲಿಗೆ, ಮೇಲಕ್ಕೆ. ಈ ‘ಗೆ’ ಕಂಡ ಕಡೆಯೆಲ್ಲ ‘ಟು’ ಹಾಕುವುದರಿಂದ ‘ಗೋ ಟು ಹೋಮ್’, ‘ಗೋ ಟು ದೇರ್’ ಹುಟ್ಟುತ್ತವೆ. ‘ಹೋಮ್’, ‘ಹಿಯರ್’, ‘ದೇರ್’, ‘ಅಬ್ರಾಡ್’, ‘ಅಪ್‌ಸ್ಟೇರ್ಸ್’, ‘ಔಟ್‌ಸೈಡ್’, ಇವುಗಳ ಒಳಗೇ ‘ಗೆ’ ಇದೆ ಅಂತ ಇಟ್ಟುಕೊಳ್ಳಿ. ‘ಗೋ ಹೋಮ್’ ಅಂದರೇ ‘ಮನೆಗೆ ಹೋಗು’. ಆದರೆ ‘ಹೋಮ್’ ಹಿಂದೆ ಯಾರದ್ದು ಅಂತ ಸೇರಿಸಿದ ಕೂಡಲೇ ಅದು ಸಾಮಾನ್ಯ ನಾಮಪದ ಆಗುತ್ತದೆ, ‘ಟು’ ವಾಪಸ್ ಬರುತ್ತದೆ: ‘ಶೀ ವೆಂಟ್ ಟು ಹರ್ ಪೇರೆಂಟ್ಸ್ ಹೋಮ್’.

‘ಗೋ ಟು ಸ್ಕೂಲ್’ನಲ್ಲಿ ‘ದಿ’ ಇಲ್ಲದಿರುವುದಕ್ಕೂ ಕಾರಣ ಇದೆ. ಅಲ್ಲಿ ‘ಸ್ಕೂಲ್’ ಅಂದರೆ ಕಟ್ಟಡ ಅಲ್ಲ, ಓದು. ಮಗು ‘ಗೋಸ್ ಟು ಸ್ಕೂಲ್’. ಮಗುವಿನ ಟೀಚರನ್ನು ಕಾಣಲು ಹೋದ ಅಪ್ಪ ‘ಗೋಸ್ ಟು ದಿ ಸ್ಕೂಲ್’. ‘ಗೋ ಟು ಬೆಡ್’ ಅಂದರೆ ಮಲಗು. ‘ಗೋ ಟು ದಿ ಬೆಡ್’ ಅಂದರೆ ಆ ಮಂಚದ ಹತ್ತಿರ ಹೋಗು, ಮಲಗಬೇಕು ಅಂತೇನಿಲ್ಲ. ‘ಗೋ ಟು ಪ್ರಿಸನ್’ ಅಂದರೆ ಶಿಕ್ಷೆಯಾಗಿ ಜೈಲಿಗೆ ಹೋಗುವುದು. ಕೈದಿಯನ್ನು ನೋಡಿ ಬರುವವರು ‘ಗೋ ಟು ದಿ ಪ್ರಿಸನ್’. ಆಸ್ಪತ್ರೆಯ ವಿಷಯದಲ್ಲಿ ಬ್ರಿಟಿಷರು ಈ ಲೆಕ್ಕ ಪಾಲಿಸುತ್ತಾರೆ, ರೋಗಿ ‘ಗೋಸ್ ಟು ಹಾಸ್ಪಿಟಲ್’. ಅಮೆರಿಕದವರು ರೋಗಿಗೂ ನೋಡಲು ಹೋದವರಿಗೂ ‘ದಿ’ ಹಾಕುತ್ತಾರೆ. ಎರಡೂ ಸರಿ, ಒಂದನ್ನು ಹಿಡಿದುಕೊಳ್ಳಿ. ಬ್ಯಾಂಕ್, ಸಿನಿಮಾ, ಡಾಕ್ಟರ್, ಸ್ಟೇಷನ್, ಇವಕ್ಕೆಲ್ಲ ‘ದಿ’ ಬೇಕೇ ಬೇಕು. ಯಾಕೆ ಅಂದರೆ ಇಲ್ಲಿ ಲೆಕ್ಕ ಮುಗಿಯಿತು, ಬಾಯಿಪಾಠ ಶುರು.

‘ಶಾಪಿಂಗ್‌ಗೆ ಹೋಗು’ ಅನ್ನುವುದು ‘ಗೋ ಶಾಪಿಂಗ್’. ‘ಗೋ ಟು ಶಾಪಿಂಗ್’ ಅಲ್ಲ, ‘ಗೋ ಫಾರ್ ಶಾಪಿಂಗ್’ ಕೂಡ ಬೇಡ. ಸ್ವಿಮಿಂಗ್, ಫಿಶಿಂಗ್, ಡ್ಯಾನ್ಸಿಂಗ್, ಕ್ಯಾಂಪಿಂಗ್ ಕೂಡ ಹೀಗೇ. ಹೊರಗೆ ಹೋಗಿ ಖುಷಿಗೆ ಮಾಡುವ ಚಟುವಟಿಕೆಗಳಿಗೆ ಇದು ಚೆನ್ನಾಗಿ ಹೊಂದುತ್ತದೆ. ‘ಗೋ ಸ್ಟಡಿಯಿಂಗ್’ ಅಂತ ಯಾರೂ ಹೇಳುವುದಿಲ್ಲ. ‘ವಾಕಿಂಗ್ ಹೋಗ್ತೀನಿ’ ಅನ್ನುವುದು ಮಾತ್ರ ಸ್ವಲ್ಪ ಬೇರೆ. ಬೆಳಗ್ಗೆ ಅರ್ಧ ಗಂಟೆ ತಿರುಗಾಡಿ ಬರುವುದು ‘ಗೋ ಫಾರ್ ಎ ವಾಕ್’. ಆ ‘ಎ’ ಬಿಡಬೇಡಿ. ‘ಗೋ ವಾಕಿಂಗ್’ ಅಂದರೆ ಬೆಟ್ಟಗುಡ್ಡಗಳಲ್ಲಿ ದೂರದ ನಡಿಗೆ ಅನ್ನುವ ಹಾಗೆ ಕೇಳಿಸುತ್ತದೆ. ಪಿಕ್‌ನಿಕ್, ಟ್ರಿಪ್, ಪಥ್ಯ, ಮುಷ್ಕರ, ಇವಕ್ಕೆ ‘ಆನ್’: ‘ಗೋ ಆನ್ ಎ ಟ್ರಿಪ್’, ‘ಗೋ ಆನ್ ಎ ಡಯಟ್’, ‘ಗೋ ಆನ್ ಸ್ಟ್ರೈಕ್’. ಬಸ್ಸಿನಲ್ಲಿ ಹೋಗುವುದು ‘ಗೋ ಬೈ ಬಸ್’. ‘ದಿ’ ಸೇರಿಸಿದರೆ ‘ಆನ್ ದಿ ಬಸ್’, ಆದರೆ ಕಾರಾದರೆ ‘ಇನ್ ದಿ ಕಾರ್’. ಒಳಗೆ ಎದ್ದು ಓಡಾಡುವಷ್ಟು ದೊಡ್ಡ ವಾಹನಕ್ಕೆ ‘ಆನ್’, ಕೂತೇ ಇರಬೇಕಾದ್ದಕ್ಕೆ ‘ಇನ್’ ಅಂತ ಇಟ್ಟುಕೊಂಡರೆ ಹೆಚ್ಚಿನ ಕಡೆ ಕೆಲಸ ನಡೆಯುತ್ತದೆ.

ಕೆಟ್ಟ ಹಾಲಿಗೆ ಬರೋಣ. ‘ದಿ ಮಿಲ್ಕ್ ಹ್ಯಾಸ್ ಗಾನ್ ಬ್ಯಾಡ್.’ ಕನ್ನಡದಲ್ಲಿ ಏನನ್ನುತ್ತೇವೆ? ‘ಹಾಲು ಕೆಟ್ಟು ಹೋಗಿದೆ.’ ನೋಡಿ, ಅಲ್ಲೂ ಹೋಗಿದೆ, ಇಲ್ಲೂ ಹೋಗಿದೆ! ಎಲ್ಲಿಗೂ ಹೋಗದೆ ಪಾತ್ರೆಯಲ್ಲೇ ಕೂತಿದ್ದ ಹಾಲು ಎರಡು ಭಾಷೆಯಲ್ಲೂ ‘ಹೋಯಿತು’. ಇದು ಆಕಸ್ಮಿಕ ಅಂತ ನನಗೆ ಅನಿಸುವುದಿಲ್ಲ. ನಾವು ನಿಂತಿರುವ ಜಾಗದಿಂದ ಆಚೆಗೆ ಸರಿಯುವುದು ‘ಗೋ’ ಅಂದೆನಲ್ಲ, ಇಲ್ಲಿ ಆ ಜಾಗ ಅಂದರೆ ಎಲ್ಲ ಸರಿಯಾಗಿರುವ ಸ್ಥಿತಿ. ಅಲ್ಲಿಂದ ಆಚೆಗೆ ಜಾರಿದರೆ ‘ಗೋ’, ಅಲ್ಲಿಗೆ ಮರಳಿದರೆ ‘ಕಮ್’. ಭಾಷಾವಿಜ್ಞಾನಿ ಈವ್ ಕ್ಲಾರ್ಕ್ 1974ರಲ್ಲಿ ಇದನ್ನೇ ಎತ್ತಿ ತೋರಿಸಿದ್ದರು. ಬುದ್ಧಿ ಕೆಟ್ಟರೆ ‘ಗೋ ಔಟ್ ಆಫ್ ಒನ್ಸ್ ಮೈಂಡ್’, ಬುದ್ಧಿ ಬಂದರೆ ‘ಕಮ್ ಟು ಒನ್ಸ್ ಸೆನ್ಸಸ್’. ‘ದಿ ಪ್ಲೇನ್ ಕೇಮ್ ಡೌನ್’ ಅಂದರೆ ಪೈಲಟ್ ಹಿಡಿತದಲ್ಲಿಟ್ಟುಕೊಂಡು ಇಳಿಸಿರಬಹುದು. ‘ವೆಂಟ್ ಡೌನ್’ ಅಂದರೆ ಬಿದ್ದಿತು ಅಂತಲೇ ಮನಸ್ಸು ಹೋಗುತ್ತದೆ. ಕನ್ನಡದಲ್ಲಿ ಪ್ರಜ್ಞೆ ಹೋಗುತ್ತದೆ, ಪ್ರಜ್ಞೆ ಬರುತ್ತದೆ. ಕರೆಂಟ್ ಹೋಗುತ್ತದೆ, ಕರೆಂಟ್ ಬರುತ್ತದೆ. ಇಂಗ್ಲಿಷಿನಲ್ಲೂ ‘ದಿ ಪವರ್ ವೆಂಟ್ ಔಟ್’, ‘ದಿ ಪವರ್ ಕೇಮ್ ಬ್ಯಾಕ್’.

ಹಾಗಾಗಿ ‘ಗೋ’ ಆದ ಮೇಲೆ ಬರುವ ಗುಣವಾಚಕಗಳಲ್ಲಿ ಬಹುಪಾಲು ಬೇಡವಾದವೇ: ಹುಚ್ಚು ಹಿಡಿಯುವುದು ‘ಗೋ ಮ್ಯಾಡ್’, ಕುರುಡಾಗುವುದು ‘ಗೋ ಬ್ಲೈಂಡ್’, ತಲೆ ಬೋಳಾಗುವುದು ‘ಗೋ ಬಾಲ್ಡ್’, ದಿವಾಳಿಯಾಗುವುದು ‘ಗೋ ಬ್ಯಾಂಕ್ರಪ್ಟ್’, ಕಾಣೆಯಾಗುವುದು ‘ಗೋ ಮಿಸ್ಸಿಂಗ್’, ಎಡವಟ್ಟಾಗುವುದು ‘ಗೋ ರಾಂಗ್’. ಕನಸು ನಿಜವಾಗುವುದು ಮಾತ್ರ ‘ಕಮ್ ಟ್ರೂ’. ಬಣ್ಣಕ್ಕೂ ‘ಗೋ’ ಬರುತ್ತದೆ, ‘ಹಿಸ್ ಫೇಸ್ ವೆಂಟ್ ರೆಡ್’. ಆದರೆ ಈ ನಿಯಮವನ್ನು ನಂಬಿ ಎಲ್ಲ ಕೆಟ್ಟದ್ದಕ್ಕೂ ‘ಗೋ’ ಹಚ್ಚಬೇಡಿ. ವಯಸ್ಸಾಗುವುದು, ಸುಸ್ತಾಗುವುದು ‘ಗೆಟ್ ಓಲ್ಡ್’, ‘ಗೆಟ್ ಟಯರ್ಡ್’. ಕಾಯಿಲೆ ಬೀಳುವುದು ‘ಫಾಲ್ ಇಲ್’.

ಕನ್ನಡದ ‘ಹೋಗು’ ಎಲ್ಲಿ ಇಂಗ್ಲಿಷಿಗೆ ದಾಟುವುದಿಲ್ಲ ಅನ್ನುವುದನ್ನೂ ನೋಡಬೇಕು. ಮರೆತು ಹೋಯ್ತು, ಬಿದ್ದು ಹೋಯ್ತು, ಕಳೆದು ಹೋಯ್ತು. ಇಲ್ಲೆಲ್ಲ ‘ಹೋಗು’ ಮುಖ್ಯ ಕ್ರಿಯೆಗೆ ಅಂಟಿಕೊಂಡು, ಕೈ ಮೀರಿ ಆಯಿತು, ಪೂರ್ತಿ ಆಯಿತು ಅನ್ನುವ ಭಾವ ಕೊಡುತ್ತದೆ. ಇಂಗ್ಲಿಷ್ ಇದಕ್ಕೆ ‘ಗೋ’ ಬಳಸುವುದಿಲ್ಲ. ‘ಐ ಫರ್ಗಾಟ್’, ‘ಇಟ್ ಫೆಲ್’, ‘ಐ ಲಾಸ್ಟ್ ಇಟ್’, ಅಷ್ಟೇ. ಆ ಕೈ ಮೀರಿದ ಭಾವ ಬಿಟ್ಟುಹೋಗುತ್ತದೆ, ಏನೂ ಮಾಡುವ ಹಾಗಿಲ್ಲ. ‘ಬರು’ ಕೂಡ ಹೀಗೇ. ನಮಗೆ ಮಳೆ ಬರುತ್ತದೆ, ನಿದ್ದೆ ಬರುತ್ತದೆ, ಸಿಟ್ಟು ಬರುತ್ತದೆ, ಈಜು ಬರುತ್ತದೆ, ಇಂಗ್ಲಿಷೂ ಬರುತ್ತದೆ. ಇಂಗ್ಲಿಷಿನವರಿಗೆ ಇವು ಯಾವುವೂ ‘ಕಮ್’ ಆಗುವುದಿಲ್ಲ. ‘ರೇನ್ ಈಸ್ ಕಮಿಂಗ್’ ಅಂದರೆ ಮಳೆ ಇನ್ನೂ ದೂರದಲ್ಲಿದೆ, ಈ ಕಡೆ ಬರುತ್ತಿದೆ ಅಂತ. ಸುರಿಯುತ್ತಿದ್ದರೆ ‘ಇಟ್ಸ್ ರೇನಿಂಗ್’. ಆದರೆ ‘ಹೋಗ್ಲಿ ಬಿಡಿ’ ಮಾತ್ರ ಅದ್ಭುತವಾಗಿ ದಾಟುತ್ತದೆ: ‘ಲೆಟ್ ಇಟ್ ಗೋ’.

ಅಲಾರಂ ವಿಷಯ. ‘ದಿ ಅಲಾರಂ ವೆಂಟ್ ಆಫ್’ ಅಂದರೆ ಹೊಡೆಯಿತು. ‘ದಿ ಲೈಟ್ಸ್ ವೆಂಟ್ ಆಫ್’ ಅಂದರೆ ಆರಿತು. ಒಂದೇ ಮಾತು, ಒಂದು ಕಡೆ ಶುರು, ಇನ್ನೊಂದು ಕಡೆ ಬಂದ್! ಕಲಿಯುವವರು ಇಲ್ಲಿ ತಲೆ ಚಚ್ಚಿಕೊಳ್ಳುವುದು ನ್ಯಾಯವೇ. ಅಲಾರಂ, ಬಾಂಬು, ಬಂದೂಕು, ಇವು ಅಷ್ಟು ಹೊತ್ತು ಸುಮ್ಮನಿದ್ದು ಒಮ್ಮೆಲೇ ಸಿಡಿಯುವ ವಸ್ತುಗಳು. ಸುಮ್ಮನಿದ್ದ ಸ್ಥಿತಿಯಿಂದ ಅವು ಆಚೆಗೆ ಜಿಗಿದರೆ ‘ಗೋ ಆಫ್’. ದೀಪ, ಹೀಟರ್ ಇವುಗಳಿಗೆ ಸ್ವಿಚ್ ಇದೆ, ಅಲ್ಲಿ ‘ಆಫ್’ ಅಂದರೆ ಸ್ವಿಚ್ಚಿನ ‘ಆಫ್’. ಅವು ಹತ್ತಿಕೊಂಡರೆ ‘ಕಮ್ ಆನ್’. ಬ್ರಿಟನ್ನಿನಲ್ಲಿ ಹಾಲು ಕೆಟ್ಟರೂ ‘ಗೋ ಆಫ್’ ಅನ್ನುತ್ತಾರೆ. ವಸ್ತು ಯಾವುದು ಅಂತ ನೋಡಿದರೆ ಅರ್ಥ ತಾನಾಗಿ ತಿಳಿಯುತ್ತದೆ, ಗೊಂದಲ ಆಗುವುದು ಪಟ್ಟಿ ಮಾಡಿ ಓದುವಾಗ ಮಾತ್ರ. ‘ಗೋ ಆನ್’, ‘ಗೋ ಓವರ್’, ‘ಗೋ ಥ್ರೂ’ ಮುಂತಾದವನ್ನೂ ಪಟ್ಟಿ ಹಿಡಿದು ಕಲಿಯಬೇಡಿ. ಒಂದೊಂದಕ್ಕೂ ನಾಲ್ಕೈದು ಅರ್ಥ ಇವೆ, ನಿಘಂಟು ನೋಡಿ ಎಲ್ಲ ಅರ್ಥ ಒಟ್ಟಿಗೆ ನೆನಪಿಟ್ಟುಕೊಂಡವರನ್ನು ನಾನು ಕಂಡಿಲ್ಲ. ಓದುವಾಗ ಸಿಕ್ಕಿದ್ದನ್ನು ಆ ವಾಕ್ಯದ ಸಮೇತ ಎತ್ತಿಟ್ಟುಕೊಳ್ಳಿ.

ಒಂದು ದೊಡ್ಡ ಬಳಕೆ ಉಳಿದಿದೆ. ಅದನ್ನು ನೀವು ಕೇಳಿಲ್ಲ, ಆದರೆ ದಿನಕ್ಕೆ ಹತ್ತು ಸಲ ಹೇಳುತ್ತಿರುತ್ತೀರಿ: ‘ಗೋಯಿಂಗ್ ಟು’. ‘ಐ ಆಮ್ ಗೋಯಿಂಗ್ ಟು ಮೀಟ್ ಹಿಮ್’ ಅನ್ನುವುದು ಮೊದಲು ಅಕ್ಷರಶಃ ಹೋಗುವುದೇ ಆಗಿತ್ತು, ಅವನನ್ನು ಕಾಣಲಿಕ್ಕೆ ಹೊರಟಿದ್ದೇನೆ ಅಂತ. ಹೊರಟಿದ್ದೇನೆ ಅಂದರೆ ಕಾಣುವುದು ಇನ್ನು ಮುಂದೆ ತಾನೇ? ಹಾಗೆ ಮೆಲ್ಲಗೆ ಹೋಗುವ ಅರ್ಥ ಸವೆದು, ಮುಂದೆ ಆಗಲಿರುವುದು ಅನ್ನುವ ಅರ್ಥ ಉಳಿಯಿತು. 1482ರ ಸುಮಾರಿನ ಒಂದು ಬರಹದಲ್ಲೇ ಈ ಬದಲಾವಣೆಯ ಸುಳಿವು ಸಿಗುತ್ತದೆ. ಅಲ್ಲಿ ಒಂದು ಆತ್ಮವನ್ನು ನರಕಕ್ಕೆ ಒಯ್ಯುವುದರಲ್ಲಿದ್ದರು ಅನ್ನುವ ಮಾತಿಗೆ ‘ಗೋಯಿಂಗ್ ಟು’ ಬಂದಿದೆ. ಈಗಂತೂ ‘ಐ ಆಮ್ ಗೋಯಿಂಗ್ ಟು ಸ್ಟೇ ಹಿಯರ್’ ಅಂದರೂ ಯಾರಿಗೂ ನಗು ಬರುವುದಿಲ್ಲ, ಕದಲುವುದಿಲ್ಲ ಅನ್ನುವುದನ್ನೇ ‘ಗೋ’ ಹಾಕಿ ಹೇಳುತ್ತಿದ್ದರೂ! ಕನ್ನಡದಲ್ಲೂ ‘ಹೇಳಲು ಹೊರಟೆ’, ‘ಮಾಡಲು ಹೋದೆ’ ಅಂತೀವಿ, ಆದರೆ ನಾವು ಇನ್ನೂ ಅಷ್ಟು ದೂರ ಹೋಗಿಲ್ಲ. ‘ಮಾಡಲು ಹೋಗಿ ಎಡವಟ್ಟಾಯಿತು’ ಅನ್ನುವ ಪ್ರಯತ್ನದ ಅರ್ಥಕ್ಕೇ ನಿಂತಿದ್ದೇವೆ.

‘ವಿಲ್’ಗೂ ಇದಕ್ಕೂ ವ್ಯತ್ಯಾಸ ಹೀಗೆ. ಮೊದಲೇ ತೀರ್ಮಾನ ಮಾಡಿದ್ದರೆ, ಅಥವಾ ಕಣ್ಣೆದುರಿಗೆ ಸೂಚನೆ ಇದ್ದರೆ ‘ಗೋಯಿಂಗ್ ಟು’. ಮೋಡ ಕಪ್ಪಗಾಗಿದೆ, ‘ಮಳೆ ಬರೋ ಹಾಗಿದೆ’: ‘ಇಟ್ಸ್ ಗೋಯಿಂಗ್ ಟು ರೇನ್’. ಆ ಕ್ಷಣದಲ್ಲಿ ಹೊಳೆದ ತೀರ್ಮಾನಕ್ಕೆ ‘ವಿಲ್’. ಫೋನ್ ಹೊಡೆದುಕೊಳ್ಳುತ್ತದೆ, ‘ಇರಿ, ನಾನು ತಗೋತೀನಿ’: ‘ಐ ವಿಲ್ ಗೆಟ್ ಇಟ್’. ಅಲ್ಲಿ ‘ಐ ಆಮ್ ಗೋಯಿಂಗ್ ಟು ಗೆಟ್ ಇಟ್’ ಅಂದರೆ ಮುಂಚೆಯೇ ಯೋಜನೆ ಹಾಕಿ ಕೂತಿದ್ದ ಹಾಗಿರುತ್ತದೆ.

ಮಾತಿನಲ್ಲಿ ಇದು ‘ಗಾನಾ’ ಆಗುತ್ತದೆ. ಮೇಲೆ ಬಂದ ‘ಗಾನ್’ಗೂ ಇದಕ್ಕೂ ಸಂಬಂಧ ಇಲ್ಲ, ‘ಗೋಯಿಂಗ್ ಟು’ ಕುಗ್ಗಿ ಆದದ್ದು. ಇದರಲ್ಲಿ ಒಂದು ಸೊಗಸಿದೆ. ‘ಐ ಆಮ್ ಗಾನಾ ಸ್ಲೀಪ್’ ಅನ್ನಬಹುದು, ‘ಐ ಆಮ್ ಗಾನಾ ಪ್ಯಾರಿಸ್’ ಅನ್ನುವ ಹಾಗಿಲ್ಲ. ಜಾಗಕ್ಕೆ ಹೋಗುವ ನಿಜವಾದ ‘ಗೋಯಿಂಗ್ ಟು’ ಎಂದೂ ಕುಗ್ಗುವುದಿಲ್ಲ. ಮುಂದಿನ ಕಾಲ ಹೇಳುವುದು ಮಾತ್ರ ಕುಗ್ಗುತ್ತದೆ. ಸ್ನೇಹಿತರ ಜೊತೆ ‘ಗಾನಾ’ ಬಳಸಿ, ಆಫೀಸಿನ ಇಮೇಲಿನಲ್ಲಿ ಬರೆಯಬೇಡಿ.

ಇನ್ನು ಚಿಲ್ಲರೆ ಬಳಕೆಗಳು. ‘ವೇರ್ ಡಸ್ ದಿಸ್ ಗೋ?’ ಅಂದರೆ ಇದನ್ನು ಎಲ್ಲಿ ಇಡಬೇಕು, ಇದರ ಜಾಗ ಯಾವುದು ಅಂತ. ‘ದಿ ಇಂಟರ್‌ವ್ಯೂ ವೆಂಟ್ ವೆಲ್’ ಅಂದರೆ ಸಂದರ್ಶನ ಚೆನ್ನಾಗಿ ಆಯಿತು. ‘ಗೋ ವಿತ್’ ಅಂದರೆ ಒಪ್ಪುವುದು, ಈ ಅಂಗಿ ಆ ಪ್ಯಾಂಟಿಗೆ ಒಪ್ಪುತ್ತೆ ಅನ್ನುವ ಹಾಗೆ. ‘ಟೆನ್ ಮಿನಿಟ್ಸ್ ಟು ಗೋ’ ಅಂದರೆ ಇನ್ನು ಹತ್ತು ನಿಮಿಷ ಇದೆ. ಹಸು ‘ಅಂಬಾ’ ಅನ್ನುವುದೂ ‘ಗೋ’ನೇ, ‘ದಿ ಕೌ ಗೋಸ್ ಮೂ’. ಹರಟೆಯಲ್ಲಿ ಮನುಷ್ಯರ ಮಾತಿಗೂ ಇದನ್ನು ಹಚ್ಚುತ್ತಾರೆ, ‘ಸೋ ಹೀ ಗೋಸ್, ವಾಟ್?’ ಅಂತ. ನೀವು ಅರ್ಥ ಮಾಡಿಕೊಂಡರೆ ಸಾಕು, ಬಳಸಲೇಬೇಕು ಅಂತಿಲ್ಲ.

ಅಮೆರಿಕದವರ ಬಾಯಲ್ಲಿ ‘ಗೋ ಸೀ ಎ ಡಾಕ್ಟರ್’ ಅಂತ ಕೇಳಿರುತ್ತೀರಿ. ‘ಗೋ ಅಂಡ್ ಸೀ’ಯಲ್ಲಿ ‘ಅಂಡ್’ ಬಿಟ್ಟದ್ದು ಅದು, ಅಲ್ಲಿ ಸರಿ. ಆದರೆ ‘ಗೋ’ ರೂಪ ಬದಲಾಯಿಸಿದ ಕೂಡಲೇ ‘ಅಂಡ್’ ಬೇಕು. ‘ಹೀ ವೆಂಟ್ ಸಾ’ ಅಂತಾಗಲಿ ‘ಹೀ ಗೋಸ್ ಸೀ’ ಅಂತಾಗಲಿ ಅಮೆರಿಕದವರೂ ಹೇಳುವುದಿಲ್ಲ, ‘ಹೀ ವೆಂಟ್ ಅಂಡ್ ಸಾ ಎ ಡಾಕ್ಟರ್’ ಅನ್ನುತ್ತಾರೆ. ಅನುಮಾನ ಇದ್ದ ಕಡೆ ‘ಅಂಡ್’ ಸೇರಿಸಿಯೇ ಹೇಳಿ. ಅದು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ನಡೆಯುತ್ತದೆ.